ಹೊಸ ಕಣಜಕ್ಕೆ ಹೆಸರಿಟ್ಟರಂತೆ, ನಮ್ಮ ಹೊಲಕ್ಕೆ ಯಾವಾಗ ಬರುತ್ತೆ?

ಪ್ರಶ್ನೆ: ಸಾರ್, ನಮ್ಮದು ಮದ್ದೂರು ತಾಲ್ಲೂಕು. ಒಂದು ಎಕರೆ ಹಿಪ್ಪುನೇರಳೆ, ಎಂಬತ್ತು ತೆಂಗಿನ ಮರ, ಮಿಕ್ಕಿದ್ದು ಕಬ್ಬು. ಬೆಳೆ ಹಾಳು ಮಾಡುವ ಹುಳುಗಳನ್ನು ಕೊಲ್ಲುವ ಹೊಸ ಜಾತಿಯ ಕಣಜವನ್ನು ವಿಜ್ಞಾನಿಗಳು ಕಂಡುಹಿಡಿದಿದ್ದಾರೆ ಅಂತ ಆಗಾಗ ಪೇಪರ್‌ನಲ್ಲಿ ಬರುತ್ತದೆ. ಆಮೇಲೆ ಅದರ ಸುದ್ದಿಯೇ ಇರುವುದಿಲ್ಲ. ಆ ಕಣಜಗಳು ಎಲ್ಲಿ ಹೋಗುತ್ತವೆ? ದುಡ್ಡು ಕೊಟ್ಟರೆ ಸಿಗುತ್ತವಾ? ಇನ್ನೊಂದು ವಿಷಯ. ನಮ್ಮ ಹಿಪ್ಪುನೇರಳೆ ಸುಳಿಯಲ್ಲಿ ಹಿಟ್ಟು ತಿಗಣೆ ಇತ್ತು. ಒಂದು ಸುಳಿ ಮುರಿದು ಬಾಟಲಿಯಲ್ಲಿ ಹಾಕಿಟ್ಟಿದ್ದೆ. ಹತ್ತು ದಿನ ಬಿಟ್ಟು ನೋಡಿದರೆ ಸಾಸಿವೆಗಿಂತ ಸಣ್ಣ ರೆಕ್ಕೆ ಹುಳುಗಳು ಓಡಾಡುತ್ತಿವೆ. ಇದೂ ಹೊಸ ಜಾತಿ ಇರಬಹುದಾ?

ಉತ್ತರ: ಮೊದಲು ಬಾಟಲಿ ವಿಷಯ, ಯಾಕೆಂದರೆ ತಡ ಮಾಡಿದರೆ ಅದರೊಳಗೆ ಬೂಸ್ಟು ಹಿಡಿಯುತ್ತದೆ. ಮೆಡಿಕಲ್ ಸ್ಟೋರ್‌ನಿಂದ ಸರ್ಜಿಕಲ್ ಸ್ಪಿರಿಟ್ ತನ್ನಿ. ಎರಡು ಚಿಕ್ಕ ಸೀಸೆ ತಗೊಳ್ಳಿ. ಒಂದರಲ್ಲಿ ರೆಕ್ಕೆ ಹುಳುಗಳನ್ನು ಮುಳುಗಿಸಿ, ಇನ್ನೊಂದರಲ್ಲಿ ಸುಳಿಯ ಮೇಲೆ ಉಳಿದಿರುವ ಹಿಟ್ಟು ತಿಗಣೆಗಳನ್ನು ನಾಲ್ಕೈದು ಹಾಕಿ. ಎರಡನೇ ಸೀಸೆ ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಈಗ ನಿಮ್ಮ ಪ್ರಶ್ನೆ. ಹೊಸ ಜಾತಿ ಇರಬಹುದಾ? ಇರಬಹುದು. ಇದನ್ನು ನಾನು ನಿಮ್ಮ ಸಂತೋಷಕ್ಕೆ ಹೇಳುತ್ತಿಲ್ಲ. ಹಿಟ್ಟು ತಿಗಣೆ, ಬಿಳಿ ನೊಣ, ಪತಂಗದ ಮೊಟ್ಟೆ ಇಂಥವುಗಳೊಳಗೆ ಬೆಳೆಯುವ ಸಣ್ಣ ಕಣಜಗಳದ್ದು ಒಂದು ದೊಡ್ಡ ಗುಂಪಿದೆ, ಕ್ಯಾಲ್ಸಿಡ್ ಕಣಜಗಳು ಅಂತ. ಇವುಗಳಲ್ಲಿ ಇಲ್ಲಿವರೆಗೆ ಹೆಸರು ಸಿಕ್ಕಿರುವುದು 20,000ಕ್ಕೂ ಸ್ವಲ್ಪ ಜಾಸ್ತಿ. ಒಟ್ಟು ಎಷ್ಟಿರಬಹುದು ಅಂದರೆ 5 ಲಕ್ಷದವರೆಗೂ ಹೇಳುವವರಿದ್ದಾರೆ. ಅಂದರೆ ಹೆಸರಿಲ್ಲದವೇ ಹೆಚ್ಚು. ಶಿಂಷಾ ದಂಡೆಯಲ್ಲಿ ಬಲೆ ಬೀಸುತ್ತಾ ಒಂದು ದಿನ ಓಡಾಡಿದರೆ ಹೆಸರಿಲ್ಲದ್ದು ಒಂದಾದರೂ ಸಿಕ್ಕೀತು. ಹೊಸದು ಸಿಗುವುದು ಅಪರೂಪದ ಸಂಗತಿಯೇ ಅಲ್ಲ. ಸಿಕ್ಕಿದ್ದು ಯಾವುದು, ಅದು ಯಾವ ಹುಳುವಿನ ಮೇಲೆ ಬದುಕುತ್ತದೆ, ಅದನ್ನು ಸಾಕಲು ಆಗುತ್ತದಾ ಎಂದು ತಿಳಿಯುವಷ್ಟರಲ್ಲಿ ವರ್ಷಗಳು ಹೋಗುತ್ತವೆ. ಪೇಪರ್‌ನವರು ಬರೆಯುವುದು ಮೊದಲ ದಿನದ ಸುದ್ದಿ. ನಿಮಗೆ ಬೇಕಿರುವುದು ಆಮೇಲಿನ ಹತ್ತು ವರ್ಷದ್ದು.

ಪರಾವಲಂಬಿ ಅಂದರೆ ಏನು ಅಂತ ನಮ್ಮ ಸೀಮೆಯ ರೇಷ್ಮೆ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಊಜಿ ನೊಣ ಹೇಳಿಕೊಟ್ಟಿದೆ. 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂತು. ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಗೆ ಹೊಕ್ಕು ತಿಂದು ಬೆಳೆಯುತ್ತದೆ, ಹುಳು ಸಾಯುತ್ತದೆ. ನಿಮ್ಮ ಬಾಟಲಿಯ ಕಣಜ ಹಿಟ್ಟು ತಿಗಣೆಗೆ ಮಾಡಿರುವುದೂ ಹೆಚ್ಚುಕಮ್ಮಿ ಅದನ್ನೇ. ಹುಳು ನಮ್ಮದಾದರೆ ಊಜಿ ಶತ್ರು, ಹುಳು ಬೆಳೆ ತಿನ್ನುವುದಾದರೆ ಕಣಜ ನೆಂಟ, ಅಷ್ಟೇ ವ್ಯತ್ಯಾಸ. ಆ ಊಜಿಯ ಕೋಶದೊಳಗೆ ಮೊಟ್ಟೆ ಇಟ್ಟು ಅದನ್ನೇ ಮುಗಿಸುವ ನೆಸೋಲಿಂಕ್ಸ್ ಥೈಮಸ್ ಎಂಬ ಪುಟ್ಟ ಕಣಜವನ್ನು ಹುಳು ಸಾಕುವ ಮನೆಯಲ್ಲಿ ಬಿಡಿ ಅಂತ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರು ಹೇಳುತ್ತಾರಲ್ಲ, ನೀವೂ ಬಿಟ್ಟಿರಬಹುದು. ಹಾಗಾಗಿ ಜೈವಿಕ ನಿಯಂತ್ರಣ ನಿಮಗೆ ಹೊಸದೇನಲ್ಲ.

ಹೆಸರಿನ ವಿಷಯಕ್ಕೆ ಬರೋಣ. ಒಂದು ಕಣಜಕ್ಕೆ ಲ್ಯಾಟಿನ್ ಹೆಸರಿಟ್ಟರೆ ರೈತನಿಗೇನು ಲಾಭ ಅಂತ ಅನ್ನಿಸುತ್ತದೆ, ಅಲ್ವಾ? ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೂ ಹಾಗೇ ಅನ್ನಿಸುತ್ತಿತ್ತು. ಮ್ಯೂಸಿಯಂನಲ್ಲಿ ಕೂತು ಕಣಜದ ಮೀಸೆಯಲ್ಲಿ ಎಷ್ಟು ಗಂಟಿವೆ ಅಂತ ಎಣಿಸುವವರನ್ನು ನೋಡಿ ನಾವು ಹುಡುಗರು ನಗುತ್ತಿದ್ದೆವು. ಆ ನಗು ನಿಂತದ್ದು ಮರಗೆಣಸಿನ ಹಿಟ್ಟು ತಿಗಣೆಯ ಕಥೆ ಕೇಳಿದ ಮೇಲೆ.

1970ರ ದಶಕದ ಶುರುವಿನಲ್ಲಿ ಆಫ್ರಿಕಾದ ಕಾಂಗೋ ಕಡೆ ಮರಗೆಣಸಿಗೆ ಒಂದು ಹಿಟ್ಟು ತಿಗಣೆ ಬಿತ್ತು. ಅಲ್ಲಿ ಮರಗೆಣಸು ಅಂದರೆ ನಮಗೆ ರಾಗಿ ಇದ್ದ ಹಾಗೆ, ಅದು ಹೋದರೆ ಊಟವೇ ಹೋಯಿತು. 1977ರಲ್ಲಿ ಆ ತಿಗಣೆಗೆ ಫೆನಾಕೋಕಸ್ ಮನಿಹೋಟಿ ಅಂತ ಹೆಸರಿಟ್ಟರು. ಮರಗೆಣಸಿನ ತವರು ದಕ್ಷಿಣ ಅಮೆರಿಕ, ತಿಗಣೆಯ ತವರೂ ಅದೇ ಇರಬೇಕು, ಅದರ ಶತ್ರು ಕಣಜವೂ ಅಲ್ಲೇ ಸಿಗಬೇಕು ಅಂತ ಹುಡುಕಿಕೊಂಡು ಹೋದರು. ದಕ್ಷಿಣ ಅಮೆರಿಕದ ಉತ್ತರ ಭಾಗದಲ್ಲಿ ಮರಗೆಣಸಿನ ಮೇಲೆ ಹಿಟ್ಟು ತಿಗಣೆ ಸಿಕ್ಕಿತು. ನೋಡಲು ಅದೇ ಥರ. ಅದರ ಮೇಲೆ ಕಣಜಗಳೂ ಸಿಕ್ಕವು. ಆದರೆ ಆಫ್ರಿಕಾದ ತಿಗಣೆಗೆ ಅವು ಕೆಲಸಕ್ಕೆ ಬರಲಿಲ್ಲ. ಯಾಕೆ ಅಂತ ಸೂಕ್ಷ್ಮವಾಗಿ ನೋಡಿದರೆ ಅದು ಆ ತಿಗಣೆಯೇ ಆಗಿರಲಿಲ್ಲ, ಇನ್ನೊಂದು ಜಾತಿ. ಅದಕ್ಕೆ 1981ರಲ್ಲಿ ಬೇರೆ ಹೆಸರು ಬಂತು, ಫೆನಾಕೋಕಸ್ ಹೆರ್ರೆನಿ ಅಂತ. ಅದೇ ವರ್ಷ ಸರಿಯಾದ ತಿಗಣೆ ಪರಾಗ್ವೆಯಲ್ಲಿ ಸಿಕ್ಕಿತು, ಅದರೊಳಗೆ ಅನಾಗೈರಸ್ ಲೋಪೆಝಿ ಎಂಬ ಕಣಜ. ಈ ಕಣಜಕ್ಕೆ 1964ರಲ್ಲೇ ಹೆಸರಾಗಿತ್ತು, ಆದರೆ ಅದರಿಂದ ಇಂಥ ಉಪಯೋಗ ಇದೆ ಅಂತ ಯಾರೂ ಅಂದುಕೊಂಡಿರಲಿಲ್ಲ. 1981ರಲ್ಲೇ ನೈಜೀರಿಯಾದಲ್ಲಿ ಬಿಟ್ಟರು, ಆಮೇಲೆ ಆಫ್ರಿಕಾದ ಒಂದೊಂದೇ ದೇಶಕ್ಕೆ ಹಬ್ಬಿಸಿದರು. ತಿಗಣೆ ತಣ್ಣಗಾಯಿತು. ಆ ಕೆಲಸದ ಮುಂದಾಳು ಹಾನ್ಸ್ ಹೆರ್ರೆನ್ ಅವರಿಗೆ 1995ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ಮೊದಲು ದಾರಿ ತಪ್ಪಿಸಿದ ತಿಗಣೆಗೆ ಅವರದೇ ಹೆಸರು ನೋಡಿ!

ಇದು ಆಫ್ರಿಕಾದ ಕಥೆ ಅಂತ ಬಿಡುವ ಹಾಗಿಲ್ಲ. ಅದೇ ತಿಗಣೆ 2020ರಲ್ಲಿ ಕೇರಳದ ತ್ರಿಶೂರಿನಲ್ಲಿ ಕಾಣಿಸಿತು, ತಮಿಳುನಾಡಿಗೂ ದಾಟಿತು. ಈ ಸಲ ಯಾರೂ ಹುಡುಕಾಡಲಿಲ್ಲ. ತಿಗಣೆಯ ಹೆಸರು ಗೊತ್ತಿತ್ತು, ಕಣಜದ ಹೆಸರೂ ಗೊತ್ತಿತ್ತು. ಬೆಂಗಳೂರು ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದವರು 2021ರಲ್ಲಿ ಆಫ್ರಿಕಾದ ಬೆನಿನ್ ದೇಶದಿಂದ ಕಣಜ ತರಿಸಿದರು, 2022ರ ಮಾರ್ಚ್‌ನಲ್ಲಿ ಸೇಲಂ ಜಿಲ್ಲೆಯಲ್ಲಿ ಬಿಟ್ಟರು. ಹೆಸರಿನ ಲಾಭ ಅಂದರೆ ಇದು.

ನಿಮ್ಮ ಹಿಪ್ಪುನೇರಳೆಗೆ ಹತ್ತಿರದ ಕಥೆ ಪರಂಗಿ ಹಿಟ್ಟು ತಿಗಣೆಯದು. ಇದರ ಮಾದರಿಗಳನ್ನು ಮೆಕ್ಸಿಕೋದಲ್ಲಿ 1955ರಲ್ಲೇ ಸಂಗ್ರಹಿಸಿದ್ದರು. ಹೆಸರಿಟ್ಟದ್ದು 1992ರಲ್ಲಿ. ಅಲ್ಲಿವರೆಗೆ ಯಾರಿಗೂ ಅದರ ಅವಸರವಿರಲಿಲ್ಲ, ಯಾಕೆಂದರೆ ತವರಿನಲ್ಲಿ ಅದು ಬಾಲ ಬಿಚ್ಚುವ ಹಾಗಿಲ್ಲ, ತಿನ್ನುವ ಶತ್ರುಗಳು ಅಲ್ಲೇ ಇದ್ದಾರೆ. ಅಲ್ಲಿಂದ ಕೆರಿಬಿಯನ್ ದ್ವೀಪಗಳಿಗೆ ಹೋದಾಗ ಶತ್ರುಗಳು ಜೊತೆಗೆ ಹೋಗಲಿಲ್ಲ, ಆಗ ಹಾವಳಿ ಶುರುವಾಯಿತು. ಮೆಕ್ಸಿಕೋದಿಂದ ಕಣಜಗಳನ್ನು ತಂದು ಬಿಟ್ಟರು. ಅವುಗಳಲ್ಲಿ ಚೆನ್ನಾಗಿ ಕೆಲಸ ಮಾಡಿದ ಒಂದಕ್ಕೆ ಬಿಡುವಾಗ ಪೂರ್ತಿ ಹೆಸರೇ ಇರಲಿಲ್ಲ. ಅಸೆರೋಫಾಗಸ್ ಪಪಾಯೆ ಅಂತ ನಾಮಕರಣ ಆದದ್ದು 2003ರಲ್ಲಿ. ನೀವು ಕೇಳುವ "ಹೊಸ ಜಾತಿಯ ಕಣಜ" ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

2008ರಲ್ಲಿ ಈ ತಿಗಣೆ ಕೊಯಮತ್ತೂರಿನಲ್ಲಿ ಸಿಕ್ಕಿತು. ಒಂದೆರಡು ವರ್ಷದಲ್ಲಿ ಪರಂಗಿ, ಹಿಪ್ಪುನೇರಳೆ, ಮರಗೆಣಸು, ದಾಸವಾಳ, ಕಾಂಗ್ರೆಸ್ ಗಿಡ, ಯಾವುದನ್ನೂ ಬಿಡಲಿಲ್ಲ. ನಮ್ಮ ಕಡೆಗೂ ಬಂತು. ಪರಂಗಿ ಹಣ್ಣಿನ ಮೇಲೆ ಹತ್ತಿ ಅಂಟಿಸಿದ ಹಾಗೆ ಕಾಣುತ್ತಿತ್ತು. ಹಿಪ್ಪುನೇರಳೆಗೆ ಔಷಧಿ ಹೊಡೆಯೋಣ ಅಂದರೆ ಅದೇ ಸೊಪ್ಪನ್ನು ಹುಳುವಿಗೆ ಹಾಕಬೇಕು. ಹೊಡೆದರೂ ಹಿಟ್ಟಿನ ಮೇಲೆ ನೀರು ಜಾರಿಹೋಗುತ್ತದೆ. 2010ರಲ್ಲಿ ಬೆಂಗಳೂರಿನ ಅದೇ ಬ್ಯೂರೋ ಪೋರ್ಟೊ ರಿಕೋ ದ್ವೀಪದಿಂದ ಮೂರು ಬಗೆಯ ಕಣಜ ತರಿಸಿತು, ಅದರಲ್ಲಿ ಗೆದ್ದದ್ದು ಈ ಅಸೆರೋಫಾಗಸ್. ಉದ್ದ ಒಂದು ಮಿಲಿಮೀಟರ್ ಕೂಡ ಇಲ್ಲ. ಎಳೆಯ ತಿಗಣೆಯೊಳಗೆ ಮೊಟ್ಟೆ ಇಡುತ್ತದೆ. ತಿಗಣೆ ಉಬ್ಬಿ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಸುಮಾರು ಎರಡು ವಾರಕ್ಕೆ ಅದರಲ್ಲಿ ಗುಂಡಗೆ ತೂತು ಕೊರೆದು ಹೊಸ ಕಣಜ ಆಚೆ ಬರುತ್ತದೆ. ಬಿಟ್ಟ ಕೆಲವೇ ತಿಂಗಳಲ್ಲಿ ಎಷ್ಟೋ ತೋಟಗಳಲ್ಲಿ ತಿಗಣೆ ಹುಡುಕಿದರೂ ಸಿಗದ ಹಾಗಾಯಿತು.

ಇದನ್ನು ಸಾಕಿದ ಬಗೆ ಗೊತ್ತಾ? ಆಲೂಗಡ್ಡೆ ಮೇಲೆ! ಕತ್ತಲ ಕೋಣೆಯಲ್ಲಿ ಆಲೂಗಡ್ಡೆಗೆ ಮೊಳಕೆ ಬರಿಸಿ, ಆ ಬಿಳಿ ಮೊಳಕೆಗಳ ಮೇಲೆ ತಿಗಣೆ ಬೆಳೆಸಿ, ಅದರ ಮೇಲೆ ಕಣಜ ಬಿಟ್ಟು, ಹುಟ್ಟಿದ ಕಣಜಗಳನ್ನು ಸಣ್ಣ ಸೀಸೆಗಳಲ್ಲಿ ತುಂಬಿ ಕಳಿಸುತ್ತಿದ್ದರು. ಕಣಜ ಬೇಕು ಅಂದರೆ ತಿಗಣೆ ಬೇಕು, ತಿಗಣೆ ಬೇಕು ಅಂದರೆ ಅದು ಬದುಕುವ ಗಿಡ ಬೇಕು. ಮೂರನ್ನೂ ಒಂದೇ ಅಳತೆಯಲ್ಲಿ ಬೆಳೆಸಬೇಕು. ಎಷ್ಟೋ ಒಳ್ಳೆಯ ಕಣಜಗಳು ಈ ಹಂತದಲ್ಲೇ ನಿಂತುಹೋಗುತ್ತವೆ. ಹೊಲದಲ್ಲಿ ಹುಲಿ, ಲ್ಯಾಬ್‌ಗೆ ತಂದರೆ ಮೊಟ್ಟೆಯನ್ನೇ ಇಡುವುದಿಲ್ಲ, ಇಟ್ಟರೂ ಬರೀ ಗಂಡು ಹುಟ್ಟುತ್ತವೆ. ಗಂಡು ಕಣಜ ತಗೊಂಡು ಏನು ಮಾಡುವುದು, ತಿಗಣೆಗೆ ಚುಚ್ಚುವುದು ಹೆಣ್ಣೇ.

ಇನ್ನು ಹೆಸರಿಟ್ಟಿದ್ದೆಲ್ಲ ಹೊಸದೇ ಆಗಿರುತ್ತದೆ ಅಂತಲೂ ಇಲ್ಲ. ಹತ್ತಿಗೆ ಬಿದ್ದ ಹಿಟ್ಟು ತಿಗಣೆ ನೆನಪಿರಬಹುದು, ಪಂಜಾಬ್, ಗುಜರಾತ್ ಕಡೆ ದೊಡ್ಡ ಗಲಾಟೆ ಆಯಿತು. ಅದನ್ನು ಹದ್ದುಬಸ್ತಿಗೆ ತಂದದ್ದು ಯಾರೂ ಬಿಡದೆ ತಾನಾಗಿ ಕಾಣಿಸಿಕೊಂಡ ಒಂದು ಕಣಜ. 2009ರಲ್ಲಿ ಅದನ್ನು ಹೊಸ ಜಾತಿ ಅಂತ ವಿವರಿಸಿ ಏನಾಸಿಯಸ್ ಬಂಬವಾಲೆಯಿ ಎಂದು ಹೆಸರಿಟ್ಟರು. ನಾವೆಲ್ಲ ಅದೇ ಹೆಸರಿನಲ್ಲಿ ಪಾಠ ಮಾಡಿದೆವು, ಪರೀಕ್ಷೆಯಲ್ಲೂ ಕೇಳಿದೆವು. 2014ರಲ್ಲಿ ನೋಡಿದರೆ ಅದು 1915ರಲ್ಲೇ ಅಮೆರಿಕದಲ್ಲಿ ಹೆಸರು ಪಡೆದಿದ್ದ ಏನಾಸಿಯಸ್ ಅರಿಜೋನೆನ್ಸಿಸ್ ಅಂತ ಗೊತ್ತಾಯಿತು. ಹಳೇ ಹೆಸರೇ ಉಳಿಯಬೇಕು ಅನ್ನುವುದು ನಿಯಮ, ಹಾಗಾಗಿ ಹೊಸ ಹೆಸರು ಬಿದ್ದುಹೋಯಿತು. ಕಣಜಕ್ಕೆ ಇದರಿಂದ ಏನೂ ವ್ಯತ್ಯಾಸವಿಲ್ಲ ಬಿಡಿ, ಅದು ತನ್ನ ಪಾಡಿಗೆ ತಿಗಣೆ ಹುಡುಕಿಕೊಂಡು ಹೋಗುತ್ತಿದೆ. ನಮಗೆ ಮಾತ್ರ ಅದು ಎಲ್ಲಿಂದ ಬಂದಿರಬಹುದು ಅನ್ನುವ ಲೆಕ್ಕವೇ ಬದಲಾಯಿತು.

ಹೆಸರು ತಪ್ಪಿ ಲಾಭ ಆದದ್ದೂ ಉಂಟು, ಇದನ್ನು ಹೇಳದೆ ಇರಲಾರೆ. 1795ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರಿಗೆ ಕೆಂಪು ಬಣ್ಣ ಕೊಡುವ ಕೊಚಿನಿಲ್ ಹುಳು ಬೇಕಿತ್ತು. ಬ್ರೆಜಿಲ್‌ನಿಂದ ಹುಳು ಬಂತು, ಆದರೆ ಬೇಕಾದದ್ದು ಅಲ್ಲ, ಅದರ ದಾಯಾದಿ. ಬಣ್ಣ ಸರಿಯಾಗಿ ಬರಲಿಲ್ಲ. ಪಾಪಾಸುಕಳ್ಳಿಯನ್ನು ಮಾತ್ರ ಮೇಯ್ದು ಮುಗಿಸಿತು. ಆಮೇಲೆ 1830ರ ದಶಕದಲ್ಲಿ ಕಳ್ಳಿ ಕೊಲ್ಲಲಿ ಅಂತಲೇ ದಕ್ಷಿಣಕ್ಕೂ ತಂದರು. ಕಳೆಯನ್ನು ಹುಳುವಿನಿಂದ ಹತೋಟಿ ಮಾಡಿದ್ದರಲ್ಲಿ ಜಗತ್ತಿಗೇ ಇದು ಮೊದಲನೆಯದು ಅನ್ನುತ್ತಾರೆ. ಶುರುವಾದದ್ದು ಗುರುತು ತಪ್ಪಿದ್ದರಿಂದ! ಆದರೆ ಇಂಥ ಅದೃಷ್ಟ ನಂಬಿಕೊಂಡು ಈಗ ಯಾರೂ ಹುಳು ತರಿಸುವುದಿಲ್ಲ, ತರಿಸಲೂಬಾರದು.

ಯಾಕೆಂದರೆ ಬಿಟ್ಟ ಹುಳುವನ್ನು ವಾಪಸ್ ಕರೆಯಲು ಆಗುವುದಿಲ್ಲ. ಪಾರ್ಥೇನಿಯಂ ತಿನ್ನುವ ಮೆಕ್ಸಿಕೋ ದುಂಬಿ ಗೊತ್ತಲ್ಲ, ಬೆನ್ನ ಮೇಲೆ ಗೆರೆ ಇರುವುದು, ಮಳೆಗಾಲದಲ್ಲಿ ರಸ್ತೆ ಬದಿಯ ಕಾಂಗ್ರೆಸ್ ಗಿಡಗಳ ಮೇಲೆ ಮುತ್ತಿಕೊಂಡಿರುತ್ತದೆ. 1983ರಲ್ಲಿ ತರಿಸಿ, ಪರೀಕ್ಷೆ ಮಾಡಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಕೆಲವು ವರ್ಷ ಬಿಟ್ಟು ಅದು ಸೂರ್ಯಕಾಂತಿ ಎಲೆ ಕಡಿಯಿತು ಅಂತ ದೊಡ್ಡ ಗದ್ದಲ. ಕಡಿದದ್ದು ನಿಜ. ಪರಿಶೀಲನೆ ಮಾಡಿದಾಗ ಪಾರ್ಥೇನಿಯಂ ಪರಾಗ ಹಾರಿಬಂದು ಬಿದ್ದ ಸೂರ್ಯಕಾಂತಿ ಎಲೆಯನ್ನು ಅದು ಕಡಿಯುತ್ತದೆ, ಸೂರ್ಯಕಾಂತಿಯ ಮೇಲೇ ಸಂಸಾರ ಹೂಡುವುದಿಲ್ಲ ಅಂತ ತಿಳಿಯಿತು. ಆ ದುಂಬಿ ಇವತ್ತಿಗೂ ನಮ್ಮ ಜೊತೆಗಿದೆ. ನಮ್ಮ ಜಿಲ್ಲೆಯಂಥ ಜಾಗಕ್ಕೆ ಈ ಎಚ್ಚರ ಇನ್ನೂ ಜಾಸ್ತಿ ಬೇಕು. ಹೊಸ ಕಣಜ ರೇಷ್ಮೆ ಹುಳುವಿನ ತಂಟೆಗೆ ಹೋಗುತ್ತದಾ, ಜೇನಿಗೆ ಏನಾದರೂ ಆಗುತ್ತದಾ ಅಂತ ನೋಡದೆ ಬಿಟ್ಟರೆ ಇನ್ನೊಂದು ಊಜಿಯನ್ನು ನಾವೇ ಮನೆಗೆ ಕರೆದ ಹಾಗೆ. ಹಾಗಾಗಿ ಹೊರದೇಶದ್ದಾದರೆ ಅನುಮತಿ, ಕ್ವಾರಂಟೈನ್, ಪರೀಕ್ಷೆ ಎಲ್ಲ ಆಗಬೇಕು. ತಡ ಆಗುತ್ತದೆ ಅಂತ ಬೈಯಬೇಡಿ. ಈ ಒಂದು ತಡವನ್ನು ನಾನು ಒಪ್ಪುತ್ತೇನೆ.

ಇಷ್ಟೆಲ್ಲ ಆದ ಮೇಲೂ ಗೆಲ್ಲುವುದು ಎಷ್ಟು? 2010ರವರೆಗೆ ಜಗತ್ತಿನಲ್ಲಿ 6,000ಕ್ಕೂ ಹೆಚ್ಚು ಸಲ ಪೀಡೆ ಕೀಟಗಳ ಶತ್ರುಗಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ತಂದು ಬಿಟ್ಟಿದ್ದಾರೆ. ನೆಲೆ ನಿಂತದ್ದು ಮೂರರಲ್ಲಿ ಒಂದು. ಸಮಾಧಾನ ಆಗುವಷ್ಟು ಕೆಲಸ ಮಾಡಿದ್ದು ಹತ್ತರಲ್ಲಿ ಒಂದು. ನಿಮ್ಮ ಪೇಪರಿನ ಕಣಜಗಳು ಎಲ್ಲಿ ಹೋಗುತ್ತವೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲೇ ಇದೆ.

ಇನ್ನರ್ಧ ಉತ್ತರ ನೀಲಗಿರಿ ತೋಪಿನಲ್ಲಿದೆ. 2000ದ ದಶಕದಲ್ಲಿ ಮಂಡ್ಯ ಕಡೆಯ ನೀಲಗಿರಿ ಗಿಡಗಳ ಎಲೆಯ ನರದ ಮೇಲೆ ಗಂಟು ಗಂಟು ಕಾಣಿಸಿತ್ತು, ಸಸಿಗಳು ಸೊಟ್ಟಗಾಗಿ ಬೆಳವಣಿಗೆ ನಿಂತುಹೋಗುತ್ತಿತ್ತು. ಮಾಡುತ್ತಿದ್ದದ್ದು ಒಂದು ಕಣಜವೇ, ಆದರೆ ಗಿಡ ತಿನ್ನುವ ಕಣಜ. ಹಲವು ದೇಶಗಳಲ್ಲಿ ಇದೇ ಗೋಳು, ಆದರೆ ಪೀಡೆಗೇ ಹೆಸರಿಲ್ಲ! 2004ರಲ್ಲಿ ಲೆಪ್ಟೋಸೈಬೆ ಇನ್ವೇಸಾ ಅಂತ ಹೆಸರು ಬಂತು. ನೀಲಗಿರಿಯ ತವರು ಆಸ್ಟ್ರೇಲಿಯಾ, ಅಲ್ಲಿ ಹೋಗಿ ಗಂಟುಗಳನ್ನು ಹುಡುಕಿದರು. ಅದರೊಳಗಿಂದ ಬಂದ ಎರಡು ಕಣಜಗಳಿಗೆ 2008ರಲ್ಲಿ ಹೆಸರಿಟ್ಟರು. ಅದರಲ್ಲೊಂದು ಕ್ವಾಡ್ರಾಸ್ಟಿಕಸ್ ಮೆಂಡೆಲಿ, ಭಾರತಕ್ಕೂ ಬಂತು. ಅಷ್ಟರಲ್ಲಿ ನಮ್ಮವೇ ಸುಮ್ನೆ ಕೂತಿರಲಿಲ್ಲ. ಕರ್ನಾಟಕದ ಗಂಟುಗಳೊಳಗೆ ಇಲ್ಲಿನ ನೆಲದ ಮೆಗಾಸ್ಟಿಗ್ಮಸ್ ಕಣಜಗಳು ಹೊಕ್ಕಿದ್ದವು. ಅವುಗಳಲ್ಲಿ ಒಂದು ಹೊಸ ಜಾತಿ ಅಂತ 2010ರಲ್ಲಿ ಮೆಗಾಸ್ಟಿಗ್ಮಸ್ ಧಾರವಾಡಿಕಸ್ ಎಂಬ ಹೆಸರು ಪಡೆಯಿತು, ನಮ್ಮ ಧಾರವಾಡದ ಹೆಸರೇ. ಹೊರಗಿನಿಂದ ಬಂದ ಪೀಡೆಯನ್ನು ಊರಿನ ಕಣಜ ರುಚಿ ನೋಡಿ ಅಭ್ಯಾಸ ಮಾಡಿಕೊಳ್ಳುವುದು ನನಗೆ ಇವತ್ತಿಗೂ ಬೆರಗು. ಇಂಥದ್ದನ್ನು ನೀವು ಪ್ಯಾಕೆಟ್‌ನಲ್ಲಿ ಕೊಳ್ಳುವುದಿಲ್ಲ. ಅದು ತಾನಾಗಿ ತೋಪಿನಲ್ಲಿ ಇರುತ್ತದೆ. ಪೇಪರ್‌ನಲ್ಲಿ ಬಂದು ಮರೆಯಾದ ಎಷ್ಟೋ ಕಣಜಗಳು ಎಲ್ಲೂ ಹೋಗಿರುವುದಿಲ್ಲ, ಹೀಗೆ ಯಾರಿಗೂ ಹೇಳದೆ ಕೆಲಸ ಮಾಡುತ್ತಿರುತ್ತವೆ.

ದುಡ್ಡು ಕೊಟ್ಟರೆ ಸಿಗುವುದೂ ಇದೆ. ಕಬ್ಬಿನ ಕೊರಕಕ್ಕೆ ನೀವು ಕಟ್ಟುವ ಟ್ರೈಕೋ ಕಾರ್ಡ್ ಅಂಥದ್ದು. ಅಕ್ಕಿ ಪತಂಗದ ಮೊಟ್ಟೆಗಳನ್ನು ಕಾರ್ಡಿಗೆ ಅಂಟಿಸಿ ಅದರೊಳಗೆ ಟ್ರೈಕೋಗ್ರಾಮ ಎಂಬ ಕಣಜ ಬೆಳೆಸಿರುತ್ತಾರೆ. ಈ ಟ್ರೈಕೋಗ್ರಾಮ ಎಷ್ಟು ಸಣ್ಣದು ಅಂದರೆ ಅರ್ಧ ಮಿಲಿಮೀಟರ್ ಆಸುಪಾಸು, ಒಂದರಿಂದ ಇನ್ನೊಂದನ್ನು ಬೇರೆ ಮಾಡಲು ಆಗದೆ ದೇಶ ದೇಶದಲ್ಲಿ ತಪ್ಪು ಹೆಸರಿನಲ್ಲಿ ಬಿಡುತ್ತಿದ್ದರು. ಗಂಡು ಕಣಜದ ಜನನಾಂಗ ನೋಡಿ ಜಾತಿ ಗುರುತಿಸಬಹುದು ಅಂತ ಗಟ್ಟಿಯಾಗಿ ತೋರಿಸಿಕೊಟ್ಟವರು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ. 1970ರ ಆಸುಪಾಸಿನ ಮಾತು. ಅವರು ಆಗ ಹೆಸರಿಟ್ಟ ಹೊಸ ಜಾತಿಗಳಲ್ಲಿ ಟ್ರೈಕೋಗ್ರಾಮ ಅಕಿಯೆ ಒಂದು. ಸುಮಾರು ನಲವತ್ತು ವರ್ಷ ಆದ ಮೇಲೆ ಯುರೋಪಿನಲ್ಲಿ ಟೊಮ್ಯಾಟೊಗೆ ಟ್ಯೂಟಾ ಎಂಬ ಎಲೆ ಸುರಂಗದ ಹುಳು ಬಿದ್ದಾಗ, ಸ್ಪೇನ್‌ನ ಹಸಿರುಮನೆಗಳಲ್ಲಿ ಕಂಪನಿಗಳು ಮಾರಿದ್ದು ಇದೇ ಜಾತಿಯ ಕಣಜವನ್ನು. ಹೆಸರಿಟ್ಟ ದಿನ ಇದನ್ನು ಯಾರು ಕಂಡಿದ್ದರು ಹೇಳಿ.

ಕಾರ್ಡ್ ಕೊಳ್ಳುವಾಗ ತಯಾರಾದ ತಾರೀಖು ನೋಡಿ. ಒಮ್ಮೆ ಒಂದು ಅಂಗಡಿಯವರು ನನಗೇ ಕಣಜವೆಲ್ಲ ಹಾರಿಹೋದ ಕಾರ್ಡ್ ಕೊಟ್ಟಿದ್ದರು, ಲೆನ್ಸ್ ಹಿಡಿದು ನೋಡಿದರೆ ಮೊಟ್ಟೆಗೊಂದು ತೂತು. ಸಂಜೆ ಹೊತ್ತು ಎಲೆಯ ಅಡಿಗೆ ಪಿನ್ ಹೊಡೆಯಿರಿ, ಇರುವೆ ಹತ್ತದ ಹಾಗೆ ನೋಡಿಕೊಳ್ಳಿ, ಹಿಂದೆ ಮುಂದೆ ಒಂದು ವಾರ ಹತ್ತು ದಿನ ಔಷಧಿ ಹೊಡೆಯಬೇಡಿ.

ತೆಂಗಿನ ವಿಷಯ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ, ಮದ್ದೂರಿನವರು ಎಳನೀರು ಬಿಟ್ಟು ಮಾತಾಡಿದರೆ ಹೇಗೆ. ಗರಿಯ ಕೆಳಗೆ ಸುರುಳಿ ಸುರುಳಿಯಾಗಿ ಮೊಟ್ಟೆ ಇಡುವ ಬಿಳಿ ನೊಣ, ಅದರ ಅಂಟು ಬಿದ್ದು ಕೆಳಗಿನ ಗರಿ, ಬಾಳೆ ಎಲ್ಲ ಕಾಡಿಗೆ ಬಳಿದ ಹಾಗೆ ಕಪ್ಪಾಗುವುದು ನೋಡಿರುತ್ತೀರಿ. ಇದೂ ಹೊಸ ಹೆಸರಿನ ಹುಳುವೇ. ಮಧ್ಯ ಅಮೆರಿಕದ ಬೆಲಿಝ್‌ನಲ್ಲಿ ಸಿಕ್ಕಿದ್ದಕ್ಕೆ 2004ರಲ್ಲಿ ಹೆಸರಾಯಿತು, 2016ರಲ್ಲಿ ಪೊಳ್ಳಾಚಿಯಲ್ಲಿ ಕಾಣಿಸಿತು, ಆಮೇಲೆ ಇಲ್ಲಿಗೆ ಬಂತು. ಕಣಜ ತರಿಸಬೇಕಾ ಅಂತ ನೋಡುವಷ್ಟರಲ್ಲಿ ಅದರ ಶತ್ರು ಎನ್‌ಕಾರ್ಸಿಯಾ ಗ್ವಾಡಲೂಪೆ ಇಲ್ಲೇ ತೋಟಗಳಲ್ಲಿ ಓಡಾಡುತ್ತಿತ್ತು. ಕಣಜ ಹೊಕ್ಕ ಬಿಳಿ ನೊಣದ ಕೋಶ ಕಪ್ಪಗಾಗಿರುತ್ತದೆ, ಕಣಜ ಹೋದ ಮೇಲೆ ಗುಂಡು ತೂತು. ಔಷಧಿ ಹೊಡೆದ ತೋಟದಲ್ಲಿ ಮೊದಲು ಸಾಯುವುದು ಈ ಕಣಜ, ನೊಣ ತಿರುಗಿ ಎದ್ದುಬರುತ್ತದೆ. ನಿಮ್ಮ ಮರದಲ್ಲಿ ಅಂಥ ಕಪ್ಪು ಕೋಶ ಇರುವ ಗರಿ ಕಂಡರೆ ಅದರ ಎಲೆಗಳನ್ನು ಕತ್ತರಿಸಿ ಕಣಜ ಇಲ್ಲದ ಮರಕ್ಕೆ ಸಿಕ್ಕಿಸಿ. ಇದಕ್ಕೆ ಕಾಸು ಖರ್ಚಿಲ್ಲ. ಖರ್ಚಿಲ್ಲದ್ದು ಅಂತಲೋ ಏನೋ ಇದನ್ನು ಹೇಳಿದರೆ ನಂಬುವವರು ಕಡಿಮೆ.

ಈಗ ನಿಮ್ಮ ಸೀಸೆಗಳು. ಮೊದಲ ಸೀಸೆಯ ಕಣಜ ನಿಮ್ಮ ಪರ ಅಂತ ಈಗಲೇ ತೀರ್ಮಾನ ಮಾಡಬೇಡಿ. ನಾನು ಮಾಡಿ ಕೆಟ್ಟಿದ್ದೇನೆ. ಬಹಳ ವರ್ಷದ ಹಿಂದೆ ಒಂದು ಸೀಬೆ ತೋಟದಿಂದ ಹಿಟ್ಟು ತಿಗಣೆ ತಂದು ಇಟ್ಟಿದ್ದೆ. ರಾಶಿ 'ಕಣಜ' ಬಂತು. ಖುಷಿಯಾಗಿ ಮೂರು ವಾರ ಎಣಿಸಿ, ಪಟ್ಟಿ ಮಾಡಿ, ಗುರುಗಳಿಗೆ ತೋರಿಸಿದೆ. ಅವರು ಮೈಕ್ರೋಸ್ಕೋಪ್‌ನಿಂದ ಕಣ್ಣೆತ್ತದೆ "ಇದು ಕಾರ್ಟೋಸೆರಸ್ ಕಣಯ್ಯ, ನಿನ್ನ ಕಣಜವನ್ನು ತಿಂದ ಕಣಜ" ಅಂದರು. ತಿಗಣೆಯೊಳಗಿನ ಒಳ್ಳೆಯ ಕಣಜದ ಮರಿಯನ್ನು ತಿಂದು ಬೆಳೆಯುವ ಜಾತಿಗಳಿವೆ. ಪೊಲೀಸಿನವರ ಜೇಬನ್ನೇ ಕತ್ತರಿಸುವ ಕಳ್ಳರು. ಬಾಟಲಿಯಿಂದ ಹೊರಬಂದದ್ದೆಲ್ಲ ತಿಗಣೆಯ ಶತ್ರು ಅಂತ ಸಾಕಿ ತೋಟಕ್ಕೆ ಬಿಟ್ಟರೆ ಉಲ್ಟಾ ಹೊಡೆಯುತ್ತದೆ. ಇದನ್ನು ಬೇರೆ ಮಾಡಿ ಹೇಳಲು ಆ ಮೀಸೆ ಎಣಿಸುವವರೇ ಬೇಕು.

ಹಾಗಾಗಿ ಹೀಗೆ ಮಾಡಿ. ಚಿಕ್ಕ ಚೀಟಿಯಲ್ಲಿ ಊರು, ತಾರೀಖು, ಯಾವ ಗಿಡ, ಯಾವ ಹುಳುವಿನಿಂದ ಬಂತು, ಯಾರು ಹಿಡಿದದ್ದು ಇಷ್ಟನ್ನು ಪೆನ್ಸಿಲ್‌ನಲ್ಲಿ ಬರೆದು ಸೀಸೆಯ ಒಳಗೇ ಹಾಕಿ. ಪೆನ್ನಿನಲ್ಲಿ ಬರೆದರೆ ಸ್ಪಿರಿಟ್‌ನಲ್ಲಿ ಅಳಿಸಿಹೋಗುತ್ತದೆ. ಫಾರ್ಮಲಿನ್ ಹಾಕಬೇಡಿ, ಡಿಎನ್ಎ ಹಾಳಾಗುತ್ತದೆ. ಮಂಡ್ಯದ ವಿ.ಸಿ. ಫಾರಂನ ಕೃಷಿ ಕಾಲೇಜಿಗೆ ತಗೊಂಡು ಹೋಗಿ ಕೀಟಶಾಸ್ತ್ರದವರಿಗೆ ತೋರಿಸಿ, ಹಿಪ್ಪುನೇರಳೆಯದು ಆದ್ದರಿಂದ ಮೈಸೂರಿನ ರೇಷ್ಮೆ ಸಂಸ್ಥೆಯಾದರೂ ಸರಿ. ಜಾತಿ ಖಾತ್ರಿ ಆಗಬೇಕಾದರೆ ಅವರು ಹೆಬ್ಬಾಳಕ್ಕೆ ಕಳಿಸಬಹುದು. ಒಂದು ವೇಳೆ ನಿಜಕ್ಕೂ ಹೊಸದಾಗಿದ್ದರೆ ನಿಮ್ಮ ಸೀಸೆಯ ಒಂದು ಕಣಜ ಆ ಜಾತಿಯ ಮೂಲ ಮಾದರಿಯಾಗಿ ಮ್ಯೂಸಿಯಂನಲ್ಲಿ ಉಳಿಯುತ್ತದೆ, ಚೀಟಿಯಲ್ಲಿ ನಿಮ್ಮ ಊರಿನ ಹೆಸರೂ ಇರುತ್ತದೆ. ಚೀಟಿ ಇಲ್ಲದ ಹುಳು ಯಾರಿಗೂ ಬೇಡ.

ಎರಡನೇ ಸೀಸೆ ನಿಮಗಾಗಿ. ಹಿಪ್ಪುನೇರಳೆಗೆ ಮುಖ್ಯವಾಗಿ ಎರಡು ಹಿಟ್ಟು ತಿಗಣೆ ಬೀಳುತ್ತವೆ. ಸುಳಿ ಮುರುಟಿಕೊಂಡು ಗಂಟು ಕಟ್ಟುವ ತುಕ್ರಾ ಮಾಡುವುದು ಗುಲಾಬಿ ಬಣ್ಣದ್ದು, ಹಿಸುಕಿದರೆ ರಸವೂ ಗುಲಾಬಿ. ಅದಕ್ಕೆ ಅಸೆರೋಫಾಗಸ್ ಉಪಯೋಗವಿಲ್ಲ, ಕ್ರಿಪ್ಟೋಲೀಮಸ್ ಗುಲಗಂಜಿ ಹುಳು ಬಿಡಬೇಕು. ಇನ್ನೊಂದು ಪರಂಗಿ ತಿಗಣೆ, ಹಳದಿ ಮೈ, ಹಳದಿ ರಸ. ಹಿಟ್ಟು ಮೆತ್ತಿಕೊಂಡಿದ್ದಾಗ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಪರಂಗಿ ತಿಗಣೆಯನ್ನು ಸ್ಪಿರಿಟ್‌ಗೆ ಹಾಕಿದರೆ ಒಂದೆರಡು ದಿನದಲ್ಲಿ ನೀಲಿ ಕಪ್ಪು ಬಣ್ಣಕ್ಕೆ ತಿರುಗುತ್ತದೆ. ನಾಡಿದ್ದು ಸೀಸೆಯನ್ನು ಬಿಸಿಲಿಗೆ ಹಿಡಿದು ನೋಡಿ. ನೀಲಿ ಕಪ್ಪಾಗಿದ್ದರೆ ಮಿಕ್ಕ ಸುಳಿಗಳನ್ನು ಮುರಿದು ಸುಡಬೇಡಿ, ಉಬ್ಬಿ ಕಂದಾದ ತಿಗಣೆ ಇರುವ ಸುಳಿಗಳನ್ನು ಗಿಡದಲ್ಲೇ ಬಿಡಿ. ಯಾವ ಬಣ್ಣ ಬಂತು ಅಂತ ಬರೆದು ತಿಳಿಸಿ.